ಕುಂಕುಮದ ಅಡಿಯ ಮೇಣ

ಎರೆ ಹೊಲಕ್ಕೆ ಕಳೆ ತೆಗೆಯಲು ಹೊರಟ ಹೆಂಗಸಿನ ಹಣೆಯಲ್ಲಿ ಹಿಂದೆ ಬೆಳಿಗ್ಗೆ ಎರಡು ಬಣ್ಣ ಒಟ್ಟಿಗೆ ಕಾಣುತ್ತಿದ್ದವು. ಅಡ್ಡಕ್ಕೆ ಎಳೆದ ಬಿಳಿಯ ವಿಭೂತಿ, ಅದರ ಕೆಳಗೆ ಕೆಂಪು ಕುಂಕುಮ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಕಡೆಯ ಲಿಂಗಾಯತ ಮನೆಗಳಲ್ಲಿ ಈ ನೋಟ ಇಂದಿಗೂ ಅಪರೂಪವಲ್ಲ. ಎರಡೂ ನುಣ್ಣನೆಯ ಪುಡಿಗಳು, ಎರಡೂ ಕೂತಿರುವುದು ಅದೇ ಹಣೆಯ ಮೇಲೆ, ಎರಡಕ್ಕೂ ತಗಲುವುದು ಅದೇ ಬಿಸಿಲು, ಅದೇ ಬೆವರು. ಆದರೂ ಬುತ್ತಿ ಬಿಚ್ಚುವ ಹೊತ್ತಿಗೆ ವಿಭೂತಿ ಬಹುಪಾಲು ಅಳಿಸಿಹೋಗಿರುತ್ತದೆ, ಕುಂಕುಮ ಹೊತ್ತು ಮುಳುಗುವ ತನಕ ನಿಂತಿರುತ್ತದೆ. ಕುಂಕುಮದ ಬಣ್ಣ ಹೆಚ್ಚು ಗಟ್ಟಿ ಎಂಬುದು ಇದಕ್ಕೆ ಕಾರಣವಲ್ಲ. ವಿಭೂತಿಯನ್ನು ನೀರು ಮುಟ್ಟಿಸಿ ಎಳೆಯುತ್ತಾರೆ. ಕುಂಕುಮವನ್ನು ಹಾಗೆ ಹಚ್ಚುತ್ತಿರಲಿಲ್ಲ, ಮೊದಲು ಬೆರಳ ತುದಿಯಿಂದ ಒಂದಿಷ್ಟು ಮೇಣ ತಿಕ್ಕಿ ಅದರ ಮೇಲೆ ಪುಡಿಯನ್ನು ಒತ್ತುತ್ತಿದ್ದರು. ಜೇನುಮೇಣವನ್ನು ಕೊಬ್ಬರಿ ಎಣ್ಣೆಯೊಂದಿಗೆ ಕರಗಿಸಿ ಆರಿಸಿದ ಈ ಮೇಣದ ಪುಟ್ಟ ಡಬ್ಬಿ ಕುಂಕುಮದ ಭರಣಿಯ ಪಕ್ಕದಲ್ಲೇ ಇರುತ್ತಿತ್ತು. ಬೆಳಿಗ್ಗೆ ಮಾಡಿದ ಮೇಕಪ್ ಸಂಜೆಯವರೆಗೆ ಉಳಿಯಬೇಕಾದರೆ ಏನು ಮಾಡಬೇಕು ಎಂದು ಇಂದು ಕೇಳುವವರಿಗೆ ಸಿಗುವ ವೈಜ್ಞಾನಿಕ ಉತ್ತರದ ಮುಕ್ಕಾಲು ಪಾಲು ಆ ಡಬ್ಬಿಯಲ್ಲೇ ಇತ್ತು. ಬಣ್ಣ ಉಳಿಯುವುದು ಬಣ್ಣದ ಬೆಲೆಯಿಂದಲೂ ಅಲ್ಲ, ದಪ್ಪದಿಂದಲೂ ಅಲ್ಲ. ಬಣ್ಣಕ್ಕೂ ಚರ್ಮಕ್ಕೂ ನಡುವೆ ಏನಿದೆ ಎಂಬುದರಿಂದ. ಈ ಅಧ್ಯಾಯದ ವಾದ ಇಷ್ಟೇ. ಆದರೆ ಇದನ್ನು ಒಪ್ಪುವ ಮೊದಲು ಎದುರಿಸಬೇಕಾದ ಆಕ್ಷೇಪಗಳು ಕೆಲವಿವೆ.

ಬಣ್ಣವೊಂದು ಮೈಮೇಲೆ ನಿಲ್ಲಲು ಇರುವುದು ಎರಡೇ ದಾರಿ. ಒಂದು, ಚರ್ಮದ ಒಳಗೆ ಇಳಿಯುವುದು. ಇನ್ನೊಂದು, ಮೇಲೆ ಪದರವಾಗಿ ಅಂಟಿಕೊಳ್ಳುವುದು. ಮೊದಲ ದಾರಿಯನ್ನು ನೋಡಬೇಕೆಂದರೆ ಹೋಳಿಯ ಮರುದಿನ ನವಲಗುಂದಕ್ಕೆ ಹೋದರಾಯಿತು. ರಾಮಲಿಂಗ ಕಾಮಣ್ಣನ ಹಬ್ಬದಲ್ಲಿ ಬಣ್ಣವಾಡಿದವರ ಕಿವಿಯ ಹಿಂದೆ, ಉಗುರಿನ ಸಂದಿನಲ್ಲಿ, ಅಂಗೈಯಲ್ಲಿ ನಾಲ್ಕಾರು ದಿನ ಗುಲಾಬಿ ಕಲೆ ಉಳಿಯುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ನೀರಿನಲ್ಲಿ ಕರಗುವ ಆ ಬಣ್ಣದ ಅಣುಗಳು ಚರ್ಮದ ಅತಿ ಮೇಲಿನ ಸತ್ತ ಜೀವಕೋಶಗಳ ಪದರಕ್ಕೆ ಇಳಿದು ಅಲ್ಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿರುತ್ತವೆ. ಮದರಂಗಿ ಮಾಡುವುದೂ ಇದನ್ನೇ, ಇನ್ನೂ ಅಚ್ಚುಕಟ್ಟಾಗಿ. ಅದರ ಎಲೆಯಲ್ಲಿರುವ ಲಾಸೋನ್ ಕೆರಾಟಿನ್ ಜೊತೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುತ್ತದೆ, ಹಾಗಾಗಿ ಆ ಜೀವಕೋಶಗಳು ಉದುರಿದಾಗಲೇ ಬಣ್ಣಕ್ಕೂ ಬಿಡುಗಡೆ. ಮದುಮಗಳಿಗೆ ಹಚ್ಚಿದ ಅರಿಷಿಣವೂ ಒಳಗೆ ಇಳಿಯುತ್ತದೆ, ಆದರೆ ಅದರ ಕರ್ಕ್ಯುಮಿನ್‌ಗೆ ಬೆಳಕು ಆಗಿಬರುವುದಿಲ್ಲ. ಬಿಸಿಲಿಗೆ ಅದರ ಅಣು ಒಡೆದು ಹಳದಿ ಬೇಗ ಮಂಕಾಗುತ್ತದೆ. ಅರಿಷಿಣದಂಥವನ್ನು ಬಿಟ್ಟರೆ ಹೀಗೆ ಒಳಗಿಳಿಯುವ ಬಣ್ಣಗಳು ಬಾಳಿಕೆಯಲ್ಲಿ ಉಳಿದೆಲ್ಲವನ್ನೂ ಸೋಲಿಸುತ್ತವೆ. ಆದರೆ ಮುಖಕ್ಕೆ ಈ ದಾರಿ ಒಗ್ಗುವುದಿಲ್ಲ. ಮೇಕಪ್ ಸಂಜೆಯವರೆಗೆ ಇರಬೇಕು, ರಾತ್ರಿ ಹೋಗಬೇಕು. ಮುಖಕ್ಕೆ ಉಳಿದದ್ದು ಎರಡನೆಯ ದಾರಿ ಮಾತ್ರ.

ಪದರವಾಗಿ ಅಂಟುವ ಬಣ್ಣಕ್ಕೆ ಚರ್ಮದಷ್ಟು ಕಷ್ಟದ ನೆಲ ಇನ್ನೊಂದಿಲ್ಲ. ಗೋಡೆಯಾದರೆ ಹಚ್ಚಿದ ಮೇಲೆ ಸುಮ್ಮನಿರುತ್ತದೆ. ಮುಖ ನಗುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಅಗಿಯುತ್ತದೆ. ಒಳಗಿನಿಂದ ನೀರನ್ನೂ ಎಣ್ಣೆಯನ್ನೂ ಹೊರಗೆ ತಳ್ಳುತ್ತದೆ. ಹಣೆ, ಮೂಗು, ಗಲ್ಲದ ಮೇಲೆ ಒಂದು ಚದರ ಸೆಂಟಿಮೀಟರಿಗೆ ನೂರಾರು ಜಿಡ್ಡಿನ ಗ್ರಂಥಿಗಳಿವೆ. ಜಿಡ್ಡನ್ನು ಪೂರ್ತಿ ಒರೆಸಿ ತೆಗೆದರೂ ಮೂರು–ನಾಲ್ಕು ಗಂಟೆಗಳಲ್ಲಿ ಅದು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಏಳಕ್ಕೆ ಮಾಡಿದ ಮೇಕಪ್ ಹನ್ನೊಂದರ ಸುಮಾರಿಗೆ ಮೂಗಿನ ಪಕ್ಕದಲ್ಲಿ ಕದಲತೊಡಗುವುದಕ್ಕೆ ಕಂಪನಿಯನ್ನು ಬೈಯಬೇಕಿಲ್ಲ, ಆ ಹೊತ್ತಿಗೆ ಜಿಡ್ಡು ತನ್ನ ಪಾಲಿನ ಕೆಲಸ ಮುಗಿಸಿರುತ್ತದೆ. ಬಿಸಿಲಿನಲ್ಲಿ ದುಡಿಯುವ ಮೈ ಗಂಟೆಗೆ ಒಂದು ಲೀಟರಿನವರೆಗೂ ಬೆವರಬಲ್ಲದು, ಹಣೆ ಅದರಲ್ಲಿ ಮುಂದು. ಬೆವರು ಪದರದ ಅಡಿಯಿಂದ ಉಕ್ಕಿ ಅದನ್ನು ಎತ್ತುತ್ತದೆ, ಜಿಡ್ಡು ಅದನ್ನು ಕರಗಿಸುತ್ತದೆ, ಚಲನೆ ಸೀಳುತ್ತದೆ. ಇವು ಮೂರೂ ಬೇರೆ ಬೇರೆ ಕಾಟಗಳು. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕಾಡಿಗೆಯನ್ನು ನೋಡಿ. ದೀಪದ ಮಸಿಯನ್ನು ಔಡಲೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದ ಅದು ಕಣ್ಣೀರಿಗೆ ಸುಲಭವಾಗಿ ಕರಗುವುದಿಲ್ಲ. ಆದರೆ ರೆಪ್ಪೆಯ ಜಿಡ್ಡು ಸೇರಿದೊಡನೆ ಕೆಳಗೆ ಇಳಿದು ಕಣ್ಣ ಕೆಳಗೆ ಕಪ್ಪು ಮಾಡುತ್ತದೆ. ಡಬ್ಬಿಯ ಮೇಲೆ ನೀರಿಗೆ ಜಗ್ಗದು ಎಂದು ಬರೆದಿದ್ದರೆ ಅದು ಎಣ್ಣೆಗೂ ಜಗ್ಗದು ಎಂದು ಓದಿಕೊಳ್ಳುವುದು ನಮ್ಮ ತಪ್ಪೇ.

ಈಗ ಮೇಣಕ್ಕೆ ಬರೋಣ. ಒಣ ಪುಡಿಯ ಕಣವೊಂದು ಚರ್ಮದ ಮೇಲೆ ಕೂತಾಗ ಎರಡೂ ಒರಟಾದ್ದರಿಂದ ಅವು ಮುಟ್ಟಿಕೊಳ್ಳುವುದು ಒಂದೆರಡು ತುದಿಗಳಲ್ಲಿ ಮಾತ್ರ. ಅಣುಗಳ ನಡುವಿನ ಆಕರ್ಷಣೆ ಕೆಲಸ ಮಾಡುವುದು ತೀರ ಸಮೀಪದಲ್ಲಿ. ಮುಟ್ಟುವ ಜಾಗ ಕಡಿಮೆಯಾದರೆ ಹಿಡಿತವೂ ಕಡಿಮೆ. ವಿಭೂತಿಯನ್ನು ಒದ್ದೆಯಲ್ಲಿ ಎಳೆದಾಗ ನೀರು ಆ ಸಂದುಗಳನ್ನು ತುಂಬಿ ಕಣಗಳನ್ನು ಹಿಡಿದಿಡುತ್ತದೆ, ನೀರು ಆರಿದ ಮೇಲೆ ಹಿಡಿಯುವವರೇ ಇಲ್ಲ. ಮೇಣ ಆರಿಹೋಗುವ ವಸ್ತುವಲ್ಲ. ಬೆರಳಿನ ಒತ್ತಡಕ್ಕೂ ಬಿಸಿಗೂ ಅದು ಮೆತ್ತಗಾಗಿ ಚರ್ಮದ ಸಣ್ಣ ಗೆರೆಗಳೊಳಗೆ ಹರಿದು ಕೂರುತ್ತದೆ; ಮೇಲಿನಿಂದ ಒತ್ತಿದ ಕುಂಕುಮದ ಕಣ ಅದರಲ್ಲಿ ಅರ್ಧ ಹೂತುಹೋಗುತ್ತದೆ. ತುದಿಯಲ್ಲಿ ಮಾತ್ರ ಮುಟ್ಟುತ್ತಿದ್ದ ಕಣಕ್ಕೆ ಈಗ ಸುತ್ತಲೂ ಹಿಡಿತ. ಜೇನುಮೇಣವೊಂದೇ ಆಗಿದ್ದರೆ ಹಚ್ಚಲಾಗುತ್ತಿರಲಿಲ್ಲ, ಅದು ಕರಗಲು 62ರಿಂದ 64 ಡಿಗ್ರಿ ಸೆಲ್ಸಿಯಸ್ ಬೇಕು. ಕೊಬ್ಬರಿ ಎಣ್ಣೆಯೊಂದೇ ಆಗಿದ್ದರೆ ನಿಲ್ಲುತ್ತಿರಲಿಲ್ಲ, ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ, ಮುಖದ ಚರ್ಮವೋ 32–35 ಡಿಗ್ರಿಯಲ್ಲಿರುತ್ತದೆ. ಎರಡನ್ನೂ ಕಾಯಿಸಿ ಆರಿಸಿದಾಗ ಮೇಣದ ಸೂಕ್ಷ್ಮ ಹರಳುಗಳು ಬಲೆಯಂತೆ ಹೆಣೆದುಕೊಂಡು ಎಣ್ಣೆಯನ್ನು ಒಳಗೆ ಹಿಡಿದಿಡುತ್ತವೆ. ತಿಕ್ಕಿದರೆ ಬಲೆ ಹರಿದು ಜಾರುತ್ತದೆ, ಬಿಟ್ಟರೆ ಗಟ್ಟಿ ನಿಲ್ಲುತ್ತದೆ. ಲಿಪ್‌ಸ್ಟಿಕ್ಕಿನ ಕಡ್ಡಿ ನಿಂತಿರುವುದೂ ಇದೇ ತತ್ವದ ಮೇಲೆ. ಇಂದು ಪಾರ್ಲರಿನಲ್ಲಿ ಫೌಂಡೇಶನ್ನಿಗೆ ಮೊದಲು ಹಚ್ಚುವ ಪ್ರೈಮರ್‌ನ ಕೆಲಸವೂ ಇದೇ: ಚರ್ಮದ ತಗ್ಗು ತುಂಬುವುದು, ಮೇಲಿನದನ್ನು ಹಿಡಿಯುವುದು. ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಅಂಟಾದ ಮೇಣದ ಮೇಲೆ ಕುಂಕುಮ ಬಿದ್ದೊಡನೆ ಹೊರಮೈ ಒಣಗಿದಂತಾಗುತ್ತದೆ. ಫೌಂಡೇಶನ್ ಮೇಲೆ ತೆಳ್ಳಗೆ ಪೌಡರ್ ಒತ್ತುವುದೂ ಇದಕ್ಕೇ. ಅಡಿಯಲ್ಲಿ ಅಂಟು, ಮೇಲೆ ಒಣ. ಧಾರವಾಡದ ಪೂರ್ವ ತಾಲ್ಲೂಕುಗಳಲ್ಲಿ ಇದರ ಬೆಲೆ ಏನೆಂದು ಮುಂದೆ ನೋಡೋಣ.

ಮೇಣ ಹಿಡಿಯುತ್ತದೆ ಎಂದಾದರೆ ದಪ್ಪಗೆ ಹಚ್ಚಿದಷ್ಟೂ ಹೆಚ್ಚು ಹಿಡಿಯಬೇಕಲ್ಲ ಎಂದು ಯಾರಾದರೂ ಕೇಳಬಹುದು. ಮದುವೆಯ ಮೇಕಪ್ಪಿನಲ್ಲಿ ಮಾಮೂಲಾಗಿ ನಡೆಯುವುದೂ ಇದೇ: ಅಕ್ಕಿಕಾಳು ಬೀಳುವ ಹೊತ್ತಿನಿಂದ ಹೆಣ್ಣು ಒಪ್ಪಿಸುವ ಹೊತ್ತಿನವರೆಗೆ ಉಳಿಯಲಿ ಎಂದು ಒಂದರ ಮೇಲೊಂದು ಬಳಿಯುತ್ತಾರೆ. ಭೌತಶಾಸ್ತ್ರ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಪದರವೊಂದು ಒಣಗಿ ಕುಗ್ಗುವಾಗ, ಬಾಗುವಾಗ ಅದರೊಳಗೆ ಸೆಳೆತ ಕೂಡಿಕೊಳ್ಳುತ್ತದೆ. ದಪ್ಪ ಹೆಚ್ಚಿದಂತೆ ಆ ಸೆಳೆತದ ಒಟ್ಟು ಶಕ್ತಿಯೂ ಹೆಚ್ಚುತ್ತದೆ. ಅಡಿಯ ಹಿಡಿತ ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಮಿತಿ ದಾಟಿದ ಮೇಲೆ ಪದರ ಬಿರಿಯುತ್ತದೆ ಇಲ್ಲವೇ ಎದ್ದುಬರುತ್ತದೆ, ಆ ಮಿತಿಗಿಂತ ತೆಳುವಾಗಿದ್ದರೆ ಬಿರಿಯುವುದೇ ಇಲ್ಲ. ಮಣ್ಣಿನ ಗೋಡೆಗೆ ಗಿಲಾವು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಒಮ್ಮೆಲೇ ದಪ್ಪ ಬಳಿದದ್ದು ಹೆಕ್ಕಳಿಕೆಯಾಗಿ ಉದುರುತ್ತದೆ ಎಂದು ಅವರು ಒಂದು ತೆಳುಕೈ ಒಣಗಿದ ಮೇಲೇ ಇನ್ನೊಂದು ಕೈ ಹೊಡೆಯುತ್ತಾರೆ. ಸಿನಿಮಾದ ಮೊದಲ ದಿನಗಳಲ್ಲಿ ಇದೇ ತೊಡಕು ಎದುರಾಗಿತ್ತು. ರಂಗಭೂಮಿಯ ಕಡ್ಡಿಬಣ್ಣವನ್ನು ದಪ್ಪಗೆ ಬಳಿದ ಮುಖ ಕ್ಯಾಮೆರಾದ ಹತ್ತಿರ ಬಂದಾಗ ಬಿರುಕುಗಳೇ ಕಂಡವು. 1914ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಎಂಬಾತ ತೆಳ್ಳಗೆ ಹರಡುವ ಕೆನೆಯಂಥ ಬಣ್ಣ ತಂದು ಹೆಸರು ಮಾಡಿದ್ದು ಆ ಕಾರಣಕ್ಕೆ.

ಆದರೆ ಬಯಲಾಟದವರು ದಪ್ಪ ಬಣ್ಣ ಬಳಿದು ಬೆಳತನಕ ಕುಣಿಯುತ್ತಿರಲಿಲ್ಲವೇ? ಕುಣಿಯುತ್ತಿದ್ದರು. ದೊಡ್ಡಾಟದ ರಾಕ್ಷಸ ಪಾತ್ರದ ಮುಖ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ಊರ ಬಯಲಿನ ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣಬೇಕಿತ್ತು. ಅಷ್ಟು ದೂರದಿಂದ ಬಿರುಕು ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ಗುರುತು, ನಾಜೂಕಲ್ಲ. ಅದೇ ಧಾರವಾಡ ಸೀಮೆಯ ಇನ್ನೊಂದು ರಂಗಪರಂಪರೆಯನ್ನು ತೆಗೆದುಕೊಂಡರೆ ಲೆಕ್ಕ ಬದಲಾಗುತ್ತದೆ. ಕುಂದಗೋಳದ ರಾಮಭಾವು, ಜಗತ್ತಿಗೆ ಸವಾಯಿ ಗಂಧರ್ವರು (1886–1952), ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಸ್ತ್ರೀಪಾತ್ರ ಮಾಡುವ ಗಂಡಸಿನ ಮುಖ ಬಣ್ಣಕ್ಕೆ ಒಡ್ಡುವ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಗಂಡಸಿನ ಚರ್ಮ ಹೆಂಗಸಿನದಕ್ಕಿಂತ ಹೆಚ್ಚು ಜಿಡ್ಡು ಸುರಿಸುತ್ತದೆ, ಕ್ಷೌರ ಮಾಡಿದ ಗಡ್ಡದ ನೆರಳು ಮುಚ್ಚಬೇಕು, ಬಾಯ್ತೆರೆದು ಗಂಟೆಗಟ್ಟಲೆ ಹಾಡುವ ಕೆನ್ನೆಯಂತೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಇಂಥ ಮುಖದಲ್ಲಿ ದಪ್ಪ ಪದರ ಮೊದಲ ಅಂಕವನ್ನೂ ದಾಟಲಾರದು. ಬಣ್ಣದ ದಪ್ಪಕ್ಕೂ ಬಾಳಿಕೆಗೂ ಇರುವ ನಂಟು ನಾವು ನಂಬಿದ್ದಕ್ಕಿಂತ ತೀರ ಸಡಿಲ.

ಹವೆಯ ಮಾತು ಬಂದಾಗ ಒಂದೇ ಜಿಲ್ಲೆಯೊಳಗೆ ಎರಡು ಬೇರೆ ಪ್ರಯೋಗಶಾಲೆಗಳಿವೆ. ಕಲಘಟಗಿ ಅರೆಮಲೆನಾಡು, ಮಳೆಗಾಲದಲ್ಲಿ ಅಲ್ಲಿನ ಗಾಳಿ ತೇವ ತುಂಬಿಕೊಂಡಿರುತ್ತದೆ. ನವಲಗುಂದ, ಅಣ್ಣಿಗೇರಿ ಬಯಲುಸೀಮೆಯ ಎರೆ ನಾಡು. ಚೈತ್ರ–ವೈಶಾಖದ ಮದುವೆ ಕಾಲದಲ್ಲಿ ಬಿಸಿಲು 38 ಡಿಗ್ರಿಯ ಆಸುಪಾಸು, ಗಾಳಿ ಒಣ. ಬಿಸಿಲು ಹೆಚ್ಚಿದ್ದಲ್ಲಿ ಮೇಕಪ್ ಬೇಗ ಕರಗುತ್ತದೆ ಎಂದು ಎಲ್ಲರೂ ಹೇಳುತ್ತಾರಾದರೂ ಕರಗುವುದನ್ನು ತೀರ್ಮಾನಿಸುವುದು ಬಿಸಿಲಿಗಿಂತ ಗಾಳಿಯ ತೇವ. ಒಣ ಗಾಳಿಯಲ್ಲಿ ಬೆವರು ಹುಟ್ಟಿದ ಜಾಗದಲ್ಲೇ ಆವಿಯಾಗಿ, ಹೋಗುವಾಗ ಮೈಯ ಬಿಸಿಯನ್ನೂ ಕೊಂಡೊಯ್ಯುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು. ಮುಖದ ಮೇಲೆ ಉಳಿಯುವುದು ಉಪ್ಪು ಮಾತ್ರ. ತೇವದ ಗಾಳಿಯಲ್ಲಿ ಅದೇ ಬೆವರು ಆವಿಯಾಗದೆ ಹನಿಗೂಡಿ ಹರಿದು ಬಣ್ಣವನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಶ್ರಾವಣದ ಕಲಘಟಗಿಯಲ್ಲಿ ಬೇಕಾದದ್ದು ನೀರನ್ನು ತಡೆಯುವ ಪದರ. ವೈಶಾಖದ ಅಣ್ಣಿಗೇರಿಯಲ್ಲಿ ಬೇಕಾದದ್ದು ಬಿರಿಯದೆ ಬಾಗುವ ಪದರ. ಅಲ್ಲಿ ಮೊದಲು ಚರ್ಮಕ್ಕೆ ತೇವ ಕೊಟ್ಟು, ಅದು ಹೀರಿಕೊಳ್ಳಲು ಹತ್ತು ನಿಮಿಷ ಬಿಟ್ಟು, ಆಮೇಲೆ ಬಣ್ಣ ಹಚ್ಚುವುದು ಸರಿ. ಎರಡೂ ಕಡೆ ಒಂದೇ ಡಬ್ಬಿ ಮಾರುವ ಅಂಗಡಿಗೆ ಇದು ಬೇಕಿಲ್ಲದ ಮಾಹಿತಿ, ಬಿಡಿ.

ಪೂರ್ವ ತಾಲ್ಲೂಕುಗಳಲ್ಲಿ ಇನ್ನೊಂದು ಶತ್ರುವಿದೆ. ಎರೆ ಮಣ್ಣಿನ ಧೂಳು ಸಾಮಾನ್ಯ ಧೂಳಲ್ಲ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತುಂಬಿದೆ, ಅದರ ಕಣಗಳು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತ ಸಣ್ಣವು, ಹಾಳೆಯಂತೆ ತೆಳ್ಳಗಿನವು. ಮುಖದ ಜಿಡ್ಡು ತೆಗೆಯಲು ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದೇ ಬಳಗದ್ದು. ಅಂದರೆ ಟ್ರ್ಯಾಕ್ಟರಿನ ಹಿಂದೆ ಏಳುವ ಕಪ್ಪು ಧೂಳು ಮುಖದ ಮೇಲೆ ಕೂತರೆ ಪದರದ ಎಣ್ಣೆಯನ್ನೇ ಹೀರಿ ಅಲ್ಲೇ ಗಟ್ಟಿಯಾಗುತ್ತದೆ. ಬಣ್ಣ ಕಂದುತ್ತದೆ, ಅಂಚುಗಳಲ್ಲಿ ಹರಳುಹರಳಾಗುತ್ತದೆ. ಹೊರಮೈ ಅಂಟಂಟಾಗಿದ್ದರೆ ಧೂಳಿಗೆ ಹಬ್ಬ. ಮೇಣದ ಮೇಲೆ ಕುಂಕುಮ ಬಿದ್ದು ಹೊರಮೈ ಒಣಗುತ್ತಿತ್ತು ಎಂದೆನಲ್ಲ, ಎರೆ ನಾಡಿನಲ್ಲಿ ಅದು ಬಣ್ಣದ ಬಾಳಿಕೆಯನ್ನೇ ನಿರ್ಧರಿಸುವ ಸಂಗತಿ. ಆದರೆ ಪೌಡರನ್ನು ಮಧ್ಯಾಹ್ನ ಮತ್ತೆ ಮತ್ತೆ ಬಳಿಯುವುದು ಬೇರೆ ಕಥೆ. ಟಾಲ್ಕಿನ ಹಾಳೆಗಳು ನೀರಿಗೆ ಒಗ್ಗುವುದಿಲ್ಲ, ಬೆವರಿನ ಮೇಲೆ ಬಿದ್ದರೆ ಅಲ್ಲಲ್ಲಿ ತೇಪೆಯಾಗಿ ಕೂರುತ್ತವೆ. ಆಗ ಮಾಡಬೇಕಾದದ್ದು ಮೆತ್ತನೆಯ ಬಟ್ಟೆಯನ್ನೋ ಕಾಗದವನ್ನೋ ಒತ್ತಿ ತೆಗೆಯುವುದು. ಸೆರಗಿನಿಂದ ಉಜ್ಜಿ ಒರೆಸಿದರೆ ಬಲ ಪದರದ ಉದ್ದಕ್ಕೂ ಬಿದ್ದು ಅದನ್ನು ಜಾರಿಸುತ್ತದೆ, ಅದೇ ಸೆರಗನ್ನು ನೇರ ಒತ್ತಿದರೆ ಬೆವರು, ಜಿಡ್ಡು ಬಟ್ಟೆಗೆ ಬರುತ್ತವೆ, ಬಣ್ಣ ಅಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಹಳೆಯ ಮಾತು, ಈಗಿನ ರಸಾಯನಶಾಸ್ತ್ರ ಇದನ್ನು ದಾಟಿ ಹೋಗಿದೆ ಎಂಬುದು ಗಟ್ಟಿಯಾದ ಆಕ್ಷೇಪ. ಅದರಲ್ಲಿ ಅರ್ಧ ನಿಜವಿದೆ. 1950ರಲ್ಲಿ ಅಮೆರಿಕದ ರಸಾಯನತಜ್ಞೆ ಹೇಜಲ್ ಬಿಷಪ್ ಮಾರುಕಟ್ಟೆಗೆ ತಂದ ಅಳಿಸದ ಲಿಪ್‌ಸ್ಟಿಕ್ ತುಟಿಯ ಚರ್ಮಕ್ಕೇ ಬಣ್ಣ ಹತ್ತಿಸುವ ಡೈಗಳನ್ನು ನೆಚ್ಚಿತ್ತು. ನಮ್ಮ ಮದರಂಗಿಯ ದಾರಿ ಅದು. 1990ರ ದಶಕದಲ್ಲಿ ದಾರಿ ಬದಲಾಯಿತು. ಸಿಲಿಕೋನ್ ರಾಳವನ್ನು ಬೇಗ ಆರುವ ಐಸೊಡೋಡೆಕೇನ್‌ನಂಥ ದ್ರವದಲ್ಲಿ ಕರಗಿಸಿ ಹಚ್ಚಿದರೆ ದ್ರವ ಕೆಲ ಹೊತ್ತಿನಲ್ಲೇ ಆವಿಯಾಗಿ, ಬಣ್ಣವನ್ನು ಹಿಡಿದ ತೆಳು ಪೊರೆಯೊಂದು ಉಳಿಯುತ್ತದೆ. ಅದು ನೀರಿಗೆ ಜಗ್ಗುವುದಿಲ್ಲ, ಲೋಟಕ್ಕೆ ಹತ್ತುವುದಿಲ್ಲ. ಇದು ಮೇಣಕ್ಕಿಂತ ಮೇಲು, ಒಪ್ಪೋಣ. ಆದರೆ ತತ್ವ ಯಾವುದು? ಬಣ್ಣ ಮೊದಲಿನದೇ, ಅದೇ ಐರನ್ ಆಕ್ಸೈಡ್, ಅದೇ ಟೈಟಾನಿಯಮ್ ಡೈಆಕ್ಸೈಡ್. ಬದಲಾದದ್ದು ಅದನ್ನು ಹಿಡಿಯುವ ವಸ್ತು. ದುಬಾರಿ ಡಬ್ಬಿಯಲ್ಲಿ ಹಣ ಕೊಡುವುದು ಈ ವಸ್ತುವಿಗೆ. ಅದಕ್ಕೂ ಸೋಲುವ ಜಾಗವಿದೆ. ಹೋಳಿಗೆಯ ಮೇಲೆ ತುಪ್ಪ ಸುರಿದು ಉಂಡರೆ ಇಡೀ ದಿನದ ಬಾಳಿಕೆ ಎಂದು ಹೇಳಿಕೊಳ್ಳುವ ಲಿಪ್‌ಸ್ಟಿಕ್ಕೂ ತುಟಿಯ ಒಳಅಂಚಿನಿಂದ ಬಿಡತೊಡಗುತ್ತದೆ, ಏಕೆಂದರೆ ಆ ಪೊರೆಯನ್ನು ಸಡಿಲಿಸಬಲ್ಲದ್ದು ಎಣ್ಣೆಯೇ. ಮದುವೆಯ ಊಟದ ಎಲೆಯ ಮುಂದೆ ಯಾವ ಪ್ರಯೋಗಾಲಯದ ಖಾತ್ರಿಯೂ ಪೂರ್ತಿ ಉಳಿಯುವುದಿಲ್ಲ.

ಇದಕ್ಕಿಂತ ಹರಿತವಾದ ಆಕ್ಷೇಪ ಟಿಕಳಿಯದು, ಅಂದರೆ ಅಂಟಿಸುವ ಬಿಂದಿಯದು. ಹಿಡಿತವೇ ಮುಖ್ಯ ಎನ್ನುವುದಾದರೆ, ಅಂಟು ಸವರಿದ ಟಿಕಳಿ ಮೇಣ–ಕುಂಕುಮವನ್ನು ಹಿಂದಿಕ್ಕಿ ಗೆದ್ದಾಗಿದೆ. ದಿನವಲ್ಲ, ಎರಡು ದಿನ ಬೇಕಾದರೂ ನಿಲ್ಲುತ್ತದೆ. ಹಾಗಾದರೆ ಹಿಡಿತವನ್ನು ಎಷ್ಟಾದರೂ ಹೆಚ್ಚಿಸುತ್ತಾ ಹೋಗಬಹುದೇ? ಇಲ್ಲಿ ಚರ್ಮವೇ ತಡೆಯೊಡ್ಡುತ್ತದೆ. ಹೊರಚರ್ಮದ ಸತ್ತ ಪದರದ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಅದರ ಜೀವಕೋಶಗಳು ಒಂದಕ್ಕೊಂದು ಸಡಿಲವಾಗಿ ಅಂಟಿರುತ್ತವೆ, ಸದಾ ಉದುರುತ್ತಿರುತ್ತವೆ. ಅಂಟಿನ ಹಿಡಿತ ಆ ಜೀವಕೋಶಗಳ ಪರಸ್ಪರ ಹಿಡಿತವನ್ನು ಮೀರಿದ ಮೇಲೆ, ಕಿತ್ತಾಗ ಬರುವುದು ಟಿಕಳಿಯ ಜೊತೆ ಚರ್ಮದ ಪದರ. ಅದಕ್ಕಿಂತ ಕೆಟ್ಟದ್ದು, ಕೆಲವು ಟಿಕಳಿಗಳ ಅಂಟಿನಲ್ಲಿ ಬಳಸುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ. ಇದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಹಣೆಯ ನಡುವೆ ಟಿಕಳಿಯ ಆಕಾರದಲ್ಲೇ ಬಿಳಿ ಮಚ್ಚೆ ಮೂಡಿದ ಪ್ರಕರಣಗಳನ್ನು ಭಾರತದ ಚರ್ಮವೈದ್ಯರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಬಾಳಿಕೆಯ ಬೆನ್ನು ಹತ್ತಿದ ಹಳೆಯ ಬಣ್ಣಗಳೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಬಯಲಾಟದ ಹಳದಿಯ ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಕೆಂಪಿನ ಇಂಗಳೀಕ ಪಾದರಸದ ಸಲ್ಫೈಡ್. ಬೆವರಿಗೆ ಅವು ಸುಲಭಕ್ಕೆ ಮಾಸುತ್ತಿರಲಿಲ್ಲ, ಅದಕ್ಕೇ ಪ್ರಿಯವಾಗಿದ್ದವು. ಇಂದು ಭಾರತದ ಕಾನೂನು ಸೌಂದರ್ಯವರ್ಧಕಗಳ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 2 ಪಾಲು ಆರ್ಸೆನಿಕ್, 20 ಪಾಲು ಸೀಸಕ್ಕಿಂತ ಹೆಚ್ಚು ಇರಕೂಡದು ಎನ್ನುತ್ತದೆ. ಸಂತೆಯಲ್ಲಿ ಬಿಡಿಯಾಗಿ ತೂಗುವ ಕುಂಕುಮ, ಸಿಂಧೂರಕ್ಕೆ ಆ ಪರೀಕ್ಷೆ ಯಾರು ಮಾಡುತ್ತಾರೆ ಎಂಬುದು ಬೇರೆ ಪ್ರಶ್ನೆ. ಹಿಡಿತಕ್ಕೆ ಮೇಲ್ಮಿತಿಯೊಂದಿದೆ, ಅದನ್ನು ಗೊತ್ತುಮಾಡುವುದು ಚರ್ಮ. ಮೇಣ ಆ ಮಿತಿಯ ಈಚೆ ನಿಲ್ಲುತ್ತದೆ.

ದಿನವಿಡೀ ಮುಚ್ಚಿಟ್ಟರೆ ಚರ್ಮಕ್ಕೆ ಉಸಿರುಗಟ್ಟುತ್ತದೆ ಎಂಬ ಮಾತನ್ನೂ ಕೇಳುತ್ತೇವೆ. ಚರ್ಮದ ಜೀವಂತ ಕೋಶಗಳಿಗೆ ಆಮ್ಲಜನಕ ರಕ್ತದಿಂದಲೂ ಬರುತ್ತದೆ. ತೆಳು ಮೇಕಪ್ ಅದನ್ನು ತಡೆಯಲಾರದು. ತೊಂದರೆ ಬರುವುದು ರಾತ್ರಿ ತೆಗೆಯದೆ ಮಲಗಿದಾಗ, ಜಿಡ್ಡಿನ ಗ್ರಂಥಿಯ ಬಾಯಿ ಕಟ್ಟಿಕೊಂಡಾಗ. ಮತ್ತು ತೆಗೆಯುವ ರೀತಿಯಲ್ಲಿ. ದಿನವಿಡೀ ನೀರಿಗೆ ಜಗ್ಗದೆ ನಿಂತ ಪದರವನ್ನು ಸೋಪು, ನೀರು ಹಾಕಿ ತಿಕ್ಕಿದರೆ ಅದು ಸುಲಭಕ್ಕೆ ಬರುವುದಿಲ್ಲ, ತಿಕ್ಕುವ ರಭಸಕ್ಕೆ ಕೆಂಪಾಗುವುದು ಚರ್ಮ. ಸಾಮಾನ್ಯ ಸೋಪು ಕ್ಷಾರೀಯ, ಚರ್ಮದ ಹೊರಮೈಯೋ ಸುಮಾರು 5ರ ಪಿಎಚ್ ಇರುವ ಹುಳಿಯ ನೆಲೆ. ಮೇಣವನ್ನು ಕರಗಿಸುವುದು ಎಣ್ಣೆ, ಸಿಲಿಕೋನ್ ಪೊರೆಯನ್ನು ಸಡಿಲಿಸುವುದೂ ಎಣ್ಣೆ. ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಒಣ ಮುಖಕ್ಕೆ ಸವರಿ, ಒಂದು ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಎತ್ತಿಕೊಂಡು ಆಮೇಲೆ ಮುಖ ತೊಳೆದರೆ ತಿಕ್ಕುವ ಪ್ರಸಂಗವೇ ಬಾರದು. ಮೊಡವೆ ಏಳುವ ಮುಖದವರು ಕೊಬ್ಬರಿ ಎಣ್ಣೆ ಬಿಟ್ಟು ಹಗುರವಾದ ಖನಿಜ ತೈಲ ಬಳಸುವುದು ಒಳ್ಳೆಯದು. ಕೊಬ್ಬರಿ ಎಣ್ಣೆ ಕೆಲವರಲ್ಲಿ ರಂಧ್ರಗಳನ್ನು ಕಟ್ಟಿಸುತ್ತದೆ. ಎಣ್ಣೆ ಮುಟ್ಟಿಸುವ ಮೊದಲು ಮುಖ ಒಣಗಿರಬೇಕು, ನೀರಿನ ಪದರ ನಡುವೆ ಇದ್ದರೆ ಎಣ್ಣೆ ಬಣ್ಣವನ್ನು ಮುಟ್ಟುವುದೇ ಇಲ್ಲ.